ಮೆಲ್ಲಗೆ ಹೋಗುವವರ ಪೈಪು

ನನ್ನ ಗಂಡ ಜೋರಾಗಿ ಮಾತಾಡುವವರಲ್ಲ. ಹಾಗಾಗಿ ಒಂದು ಶನಿವಾರ ಅವರು ಕಾರಿನಿಂದ ಇಳಿಯುತ್ತ "ಮುಂದಿನ ವಾರ ಬಸ್ಸಲ್ಲೇ ಹೋಗ್ತೀನಿ ಬಿಡು" ಅಂದಾಗ, ಅದು ನನಗೆ ಬೈಗುಳಕ್ಕಿಂತ ಹೆಚ್ಚಾಗಿ ನಾಟಿತು. ಕೊಯ್ಲು ಮುಗಿದ ಗದ್ದೆಗಳಲ್ಲಿ ನಡೆಯುವ ಕಾರು ರೇಸಿನಲ್ಲಿ, ಹೆಂಗಸರ ವಿಭಾಗದಲ್ಲಿ, ಶೋಕೇಸಿನ ಬಾಗಿಲು ಮುಚ್ಚಲಾಗದಷ್ಟು ಟ್ರೋಫಿ ತಂದವಳು ನಾನು. ಅಂಥವಳ ಪಕ್ಕದಲ್ಲಿ ಕೂರುವುದಕ್ಕಿಂತ ನಾಪೋಕ್ಲು ಬಸ್ಸಿನ ಹಿಂದಿನ ಸೀಟೇ ವಾಸಿ ಅಂದರೆ!

ಅವರು ನಾಪೋಕ್ಲು ಹತ್ತಿರದ ಕಾಫಿ ಎಸ್ಟೇಟಿನಲ್ಲಿ ರೈಟರು, ಆಳುಗಳ ಕೆಲಸ, ಲೆಕ್ಕ ನೋಡಿಕೊಳ್ಳುವವರು. ಕರಿಮೆಣಸು ಬಿಡಿಸುವ ಕಾಲದಲ್ಲಿ ಏಣಿ ಸರಿಯಾಗಿ ನಿಂತಿದೆಯೋ ಇಲ್ಲವೋ ನೋಡಲು ತಾವೇ ಹತ್ತಿದರು. ನಿಂತಿರಲಿಲ್ಲ. ಬೆನ್ನಿಗೆ ಆಪರೇಷನ್ ಆಯಿತು, ಎಡಗಾಲು ಜೋಮು ಹಿಡಿದ ಹಾಗೇ ಉಳಿಯಿತು. ಪ್ರತಿ ಶನಿವಾರ ವಿರಾಜಪೇಟೆಗೆ ಫಿಸಿಯೋಥೆರಪಿಗೆ ಹೋಗಲೇಬೇಕು, ತಪ್ಪಿಸಿದರೆ ಪಾದ ಮೇಲೇಳುವುದು ಕಷ್ಟ ಅಂತ ಡಾಕ್ಟರು ನನ್ನ ಮುಖ ನೋಡಿಯೇ ಹೇಳಿದ್ದರು. ನೋವಿಗೆ ಅವರು ಒಂದು ಗಂಟೆಗಿಂತ ಹೆಚ್ಚು ನಿದ್ದೆ ಮಾಡಿದ್ದನ್ನು ನಾನು ತಿಂಗಳುಗಳಿಂದ ನೋಡಿರಲಿಲ್ಲ.

ಮನೆಯಲ್ಲಿದ್ದದ್ದು ಒಂದೇ ಕಾರು, ನನ್ನ ರೇಸಿನ ಕಾರು. ಕುಶಾಲನಗರದ ಹತ್ತಿರ ಅಪ್ಪನ ಟ್ರ್ಯಾಕ್ಟರ್ ಗ್ಯಾರೇಜಿನಲ್ಲಿ ಕೈಗೆ ಗ್ರೀಸು ಹಚ್ಚಿಕೊಂಡೇ ಬೆಳೆದವಳಾದ್ದರಿಂದ ಅದರ ಎಂಜಿನ್ನನ್ನು ನಾನೇ ಬಿಚ್ಚಿ ಕಟ್ಟಿದ್ದೆ. ಪೆಟ್ರೋಲಿಗೆ ಗಾಳಿ ಬೆರೆಸಿಕೊಡುವ ಕಾರ್ಬೊರೇಟರನ್ನೂ ದೊಡ್ಡದೇ ಕೂರಿಸಿದ್ದೆ. ಆಕ್ಸಿಲರೇಟರ್ ಒತ್ತಿದರೆ ಇವತ್ತಿಗೂ ಬೆನ್ನು ಸೀಟಿಗೆ ಅಂಟಿಕೊಳ್ಳುತ್ತದೆ. ತೊಂದರೆ ಒತ್ತದಿದ್ದಾಗ. ಕಾಲನ್ನು ಸುಮ್ಮನೆ ತಾಗಿಸಿಕೊಂಡು ಸಾಗುವಾಗ ಎಂಜಿನ್ನು ಅರೆಕ್ಷಣ ಗುಟುಕು ನುಂಗಿದಂತೆ ತಡವರಿಸಿ, ಆಮೇಲೆ ಒಮ್ಮೆಲೇ ಮುಂದಕ್ಕೆ ಎಗರುತ್ತಿತ್ತು. ಆ ಒಂದೊಂದು ಎಗರಿಗೂ ಅವರು ಕಿಟಕಿಯ ಮೇಲಿನ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದರು. ಮೂರನೇ ವಾರ "ಇವತ್ತು ಬೇಡ, ಮಳೆ ಬರೋ ಹಾಗಿದೆ" ಅಂದರು. ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ.

ನನಗೆ ಹೆದರಿಕೆಯಾಯಿತು. ಹೆದರಿಕೆಯಾದರೆ ನನಗೆ ಸಿಟ್ಟು ಬರುತ್ತದೆ. ಮೊದಲು ಪೆಟ್ರೋಲನ್ನು ಬೈದೆ. ಈಗಿನ ಪೆಟ್ರೋಲಿಗೆ ಏನೇನೋ ಬೆರೆಸುತ್ತಾರೆ ಅಂತ ಬಂಕಿನವನ ಹತ್ತಿರ ಜಗಳವಾಡಿ ಬಂದೆ. ಕಾರ್ಬೊರೇಟರ್ ಬಿಚ್ಚಿ, ಜೆಟ್ಟಿನ ಸಣ್ಣ ಸಣ್ಣ ತೂತುಗಳನ್ನೆಲ್ಲ ಗಾಳಿ ಊದಿ ತೊಳೆದೆ. ಫ್ಲೋಟಿನ ಮಟ್ಟ ಅಳೆದೆ. ಎಲ್ಲಾದರೂ ಗಾಳಿ ಕಳ್ಳದಾರಿಯಲ್ಲಿ ನುಗ್ಗುತ್ತಿದೆಯೇ ಅಂತ ಸ್ಪ್ರೇ ಹೊಡೆದು ಹೊಡೆದು ನೋಡಿದೆ. ಪ್ರತಿ ಸಲ ರಿಪೇರಿ ಮುಗಿಸಿ ಎಸ್ಟೇಟಿನ ರಸ್ತೆಯಲ್ಲಿ ಒಂದು ಸುತ್ತು ಓಡಿಸಿದರೆ ಕಾರು ಬಾಣದಂತೆ ಹೋಗುತ್ತಿತ್ತು. "ಸರಿಹೋಯ್ತು!" ಅಂತ ಒಳಗೆ ಬಂದು ಕೈ ತೊಳೆಯುತ್ತಿದ್ದೆ. ಶನಿವಾರ ಮತ್ತೆ ಅದೇ ತಡವರಿಕೆ, ಅದೇ ಎಗರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಾನು ಪೆಟ್ರೋಲು ಬಿಟ್ಟು ರಸ್ತೆಯನ್ನೂ ಬೈಯಲು ಶುರುಮಾಡಿದ್ದೆ. ಆ ಶನಿವಾರವೇ ಅವರು ಬಸ್ಸಿನ ಮಾತು ಎತ್ತಿದ್ದು.

ನಾನು ಅಂಗಳದಲ್ಲೇ ನಿಂತು ರೇಗಿದೆ. "ಬಸ್ಸಲ್ಲಿ ಕೂತ್ರೆ ನಿಮ್ಮ ಬೆನ್ನು ಏನಾಗುತ್ತೆ ಗೊತ್ತಾ? ನಾನೇನು ಬೇಕು ಅಂತ ಎಳೆದಾಡಿಸ್ತಿದ್ದೀನಾ?"

"ನಾನು ಹಾಗಂದ್ನಾ?" ಅಂದರು. ಕಾರಿನ ಬಾನೆಟ್ಟಿಗೆ ಕೈ ಊರಿಕೊಂಡು ಉಸಿರು ತಗೊಂಡರು. "ಕಣ್ಣು ಮುಚ್ಕೊಂಡು ಕೂತಿರ್ತೀನಲ್ಲ, ನಂಗೆ ಬೇರೇನು ಕೆಲಸ? ಏರಲ್ಲಿ ಒಂದ್ಸಲಾನೂ ಎಗರಲ್ಲ ಕಣೆ. ಇಳಿಜಾರಲ್ಲೂ ಇಲ್ಲ. ಲಾರಿ ಹಿಂದೆ ಹಾಕೋವಾಗ ಇಲ್ವೇ ಇಲ್ಲ. ಗದ್ದೆ ಬಯಲಿನ ಸಮ ರಸ್ತೇಲಿ, ನೀನು ನನಗೋಸ್ಕರ ಮೆಲ್ಲಗೆ ಹೋಗ್ತೀಯಲ್ಲ, ಆವಾಗ ಮಾತ್ರ."

ಇಪ್ಪತ್ತು ವರ್ಷ ಕೂಲಿಯಾಳುಗಳ ಕಾಫಿ, ಮೆಣಸಿನ ಪಿಕಿಂಗ್ ನೋಡಿಕೊಂಡು ಬಂದವರು ಅವರು. ಯಾರು ಯಾವ ಸಾಲಿನಲ್ಲಿ ಸೋಮಾರಿತನ ಮಾಡಿದರು ಅಂತ ಸುಮ್ಮನೆ ನಿಂತೇ ಹೇಳುತ್ತಾರೆ. ನಾನು ರಿಪೇರಿ ಮಾಡಿದ ಮೇಲೆ ಒಂದು ಸಲವೂ ಮೆಲ್ಲಗೆ ಓಡಿಸಿ ನೋಡಿರಲಿಲ್ಲ. ಓಡಿಸುವುದು ಅಂದರೆ ನನಗೆ ಒತ್ತುವುದೇ.

ಆಗ ನೆನಪಾಯಿತು. ನೆನಪಾದದ್ದೇ ತಡ, ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟೆ.

ಮದುವೆಯಾದ ಹೊಸತರಲ್ಲಿ, ಮೊದಲ ರೇಸಿಗೆ ಈ ಎಂಜಿನ್ನು ಕಟ್ಟುವಾಗ, ಕಾರ್ಬೊರೇಟರಿನಿಂದ, ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿಗೆ ಹೋಗುವ ಪೆನ್ಸಿಲ್ ದಪ್ಪದ ಒಂದು ರಬ್ಬರ್ ಪೈಪನ್ನು ನಾನು ಕಿತ್ತೆಸೆದಿದ್ದೆ. ಮೆಲ್ಲಗೆ ಹೋಗುವಾಗ ಎಂಜಿನ್ನಿನೊಳಗೆ ಪೆಟ್ರೋಲು-ಗಾಳಿಯ ಮಿಶ್ರಣ ತೆಳುವಾಗಿರುತ್ತದೆ. ತೆಳುವಾದದ್ದು ನಿಧಾನವಾಗಿ ಉರಿಯುತ್ತದೆ, ಹಾಗಾಗಿ ಕಿಡಿ ಸ್ವಲ್ಪ ಮುಂಚೆಯೇ ಹಾರಬೇಕು. ಎಂಜಿನ್ನು ಗಾಳಿ ಎಳೆಯುವ ಸೆಳೆತದಿಂದ ಅದನ್ನು ನೋಡಿಕೊಳ್ಳುವುದೇ ಆ ಪೈಪಿನ ಕೆಲಸ. ರೇಸಿನವರು ಅದನ್ನು ತೆಗೆದೇ ಬಿಡುತ್ತಾರೆ. ಅವತ್ತು ಟಾರ್ಚು ಹಿಡಿದು ನಿಂತಿದ್ದ ಹೊಸ ಗಂಡ "ಇದು ಬೇಡ್ವಾ?" ಅಂತ ಕೇಳಿದ್ದರು. "ಅದು ಮೆಲ್ಲಗೆ ಹೋಗೋರಿಗೆ. ನಮಗ್ಯಾಕೆ?" ಅಂದಿದ್ದೆ. ಕಾರ್ಬೊರೇಟರಿನಲ್ಲಿ ಆ ಪೈಪು ಕೂರುತ್ತಿದ್ದ ಬಾಯಿಗೆ ಸ್ಕ್ರೂ ತುರುಕಿ ಮುಚ್ಚಿದ್ದೆ.

ಬಾನೆಟ್ ಎತ್ತಿ ನೋಡಿದರೆ ಆ ಸ್ಕ್ರೂ ತುಕ್ಕು ಹಿಡಿದು ಅಲ್ಲೇ ಕೂತಿತ್ತು. ಕಂಕುಳಲ್ಲಿ ಮಗು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಗಿತ್ತು ನನ್ನ ಕತೆ. ನಾಚಿಕೆಯಾಯಿತು, ಅಳುವೂ ಬಂತು. ಬರೀ ಕಾರಿಗಾಗಿ ಅಲ್ಲ. ಮೆಲ್ಲಗೆ ಹೋಗುವ ಮನುಷ್ಯನ ಜೊತೆ ಇಷ್ಟು ವರ್ಷ ಬಾಳಿ, ಅವರಿಗೆ ಬೇಕಾದದ್ದನ್ನು ಮೊದಲ ವರ್ಷವೇ ಕಿತ್ತು ಬಿಸಾಡಿದ್ದೆನಲ್ಲ ಅಂತ. ಅವರಿಗೆ ಹೇಳಿದೆ. ಟಾರ್ಚು ಹಿಡಿದದ್ದು ಅವರಿಗೆ ನೆನಪಿರಲಿಲ್ಲ. "ನಾನು ಹಿಡಿದಿದ್ರೆ ನಂದೂ ಅರ್ಧ ತಪ್ಪು" ಅಂತ ನಕ್ಕರು.

ನಾಪೋಕ್ಲಿನಿಂದ ಒಂದು ಮೊಳ ಹೊಸ ಪೈಪು ತಂದೆ. ಒಂದು ತುದಿಯನ್ನು ಡಿಸ್ಟ್ರಿಬ್ಯೂಟರಿಗೆ ಹಾಕಿ, ಇನ್ನೊಂದು ತುದಿಯನ್ನು ಬಾಯಲ್ಲಿಟ್ಟು ಗಾಳಿ ಎಳೆದು ನಾಲಿಗೆಯಿಂದ ಮುಚ್ಚಿ ಹಿಡಿದೆ. ನಾಲಿಗೆ ಅಂಟಿಕೊಂಡು ನಿಂತಿತು. ಅಂದರೆ ಗಾಳಿ ಸೋರುತ್ತಿಲ್ಲ, ಡಿಸ್ಟ್ರಿಬ್ಯೂಟರಿನೊಳಗಿನ ರಬ್ಬರ್ ಪೊರೆ ಹರಿದಿಲ್ಲ. ಸ್ಕ್ರೂ ಕಿತ್ತು ಪೈಪು ಜೋಡಿಸಿದೆ, ಕಿಡಿಯ ಟೈಮಿಂಗ್ ಸರಿಮಾಡಿದೆ. ಈ ಸಲ ಪರೀಕ್ಷೆಗೆ ಎಸ್ಟೇಟಿನ ರಸ್ತೆಯಲ್ಲಿ ದನದ ಹಿಂದೆ ದನದ ವೇಗದಲ್ಲೇ ಹೋದೆ. ನನ್ನ ಪಾಲಿಗೆ ಅಷ್ಟು ಕಷ್ಟದ ಡ್ರೈವಿಂಗ್ ಇನ್ನೊಂದಿಲ್ಲ.

ಶನಿವಾರ ಬೆಳಿಗ್ಗೆ ಅವರು ಬಸ್ಸಿನ ಮಾತು ಎತ್ತಲಿಲ್ಲ. ಕಾರು ಹತ್ತಿ, ಅಭ್ಯಾಸದಂತೆ ಕಿಟಕಿಯ ಮೇಲಿನ ಹಿಡಿಯನ್ನು ಹಿಡಿದರು. ಹೊಳೆ ದಾಟಿ ಗದ್ದೆ ಬಯಲು ಬಂತು. ಕಾಲು ಸುಮ್ಮನೆ ತಾಗಿಸಿಕೊಂಡೆ. ಕಾರು ಒಂದೇ ಸಮನೆ ಸಾಗಿತು. ಬಸ್ಸೊಂದು ಹಾರನ್ ಹೊಡೆದು ನಮ್ಮನ್ನು ಹಿಂದೆ ಹಾಕಿತು. ಹಾಕಲಿ ಅಂತ ಬಿಟ್ಟೆ. ಸ್ವಲ್ಪ ದೂರ ಹೋದ ಮೇಲೆ ಪಕ್ಕಕ್ಕೆ ತಿರುಗಿದರೆ ಹಿಡಿ ಬಿಟ್ಟ ಅವರ ಕೈ ತೊಡೆಯ ಮೇಲಿತ್ತು, ಬಾಯಿ ಅರ್ಧ ತೆರೆದಿತ್ತು. ನಿದ್ದೆ ಹೋಗಿದ್ದರು.

ವಿರಾಜಪೇಟೆಯಲ್ಲಿ ಫಿಸಿಯೋಥೆರಪಿಯವರ ಗೇಟು ಅವರು ಹೇಳಿದ್ದ ಹೊತ್ತಿಗೆ ಸರಿಯಾಗಿ ಬಂತು. ನಾನು ನಿಲ್ಲಿಸಲಿಲ್ಲ. ಊರಿನ ಆಚೆಯವರೆಗೂ ಮೆಲ್ಲಗೆ ಹೋಗಿ, ತಿರುಗಿಸಿಕೊಂಡು, ಮತ್ತೆ ಮೆಲ್ಲಗೆ ಬಂದೆ. ಅರ್ಧ ಗಂಟೆ ತಡವಾಯಿತು ಅಂತ ಅಲ್ಲಿಯವರು ನನ್ನನ್ನು ಬೈದರು.