ರಾಜಿಗೆ ಕೊಟ್ಟ ಹುಡುಗಿ

ಮಧ್ಯಾಹ್ನದ ಊಟ ಮುಗಿದರೆ ಪುತ್ತಿಗೆಯ ಸ್ವರ್ಣಲತಾಳ ಜಗಲಿಯಲ್ಲಿ ನಾಲ್ಕೈದು ಹೆಂಗಸರು ಬೀಡಿ ಕಟ್ಟಲು ಸೇರುತ್ತಿದ್ದರು. ಎಲ್ಲರ ಕೈಯಲ್ಲಿ ಎಲೆ, ಹೊಗೆಸೊಪ್ಪು, ನೂಲು. ಅವಳ ಕೈಯಲ್ಲಿ ಮಾತ್ರ ಪುಸ್ತಕ. ಓದುವವಳ ಪಾಲಿನ ಬೀಡಿಯನ್ನು ಉಳಿದವರೇ ಕಟ್ಟಿಕೊಡುವುದು ಆ ಜಗಲಿಯ ರೂಢಿ. ಗಂಡ ತೀರಿಹೋಗಿ, ಮಕ್ಕಳಿಲ್ಲದೆ ಐವತ್ತಕ್ಕೆ ಬಂದಿದ್ದ ಅವಳಿಗೆ ದಿನದ ಮಾತೆಂದರೆ ಆ ಎರಡು ಗಂಟೆ. ಅದೂ ಯಾರೋ ಬರೆದ ಮಾತು.

ಈ ಸಲ ಪಂಚಾಯತ್ ಲೈಬ್ರರಿಯಿಂದ ತಂದದ್ದು ರಾಜರ ಕಾಲದ ಪ್ರೇಮಕಥೆ. ಯುದ್ಧ ನಿಲ್ಲಲೆಂದು ಹದಿನೆಂಟರ ರಾಜಕುಮಾರಿಯನ್ನು ಐವತ್ತೆರಡರ ಅರಸನಿಗೆ ಕೊಡುತ್ತಾರೆ.

"ಅಪ್ಪನ ಪ್ರಾಯ ಮಾರಾಯ್ತಿ!" ಎಂದಳು ಸಮೀನಾ.

"ಅರಸ ಅಲ್ಲವಾ? ನರೆತ ಕೂದಲು ಕಿರೀಟದ ಅಡಿಗೆ ಹೋಗ್ತದೆ," ಎಂದಳು ಸುರಕ್ಷಾ. ಎಲ್ಲರೂ ನಕ್ಕರು.

ಸ್ವರ್ಣಲತಾ ನಗಲಿಲ್ಲ. ಅವಳ ತವರಿಗೂ ಪಕ್ಕದ ಗದ್ದೆಯವರಾದ ಈ ಮನೆಯವರಿಗೂ ನೀರಿನ ವಿಷಯದಲ್ಲಿ ಹನ್ನೊಂದು ವರ್ಷ ಕೋರ್ಟು ನಡೆದಿತ್ತು. ಅವಳನ್ನು ಈ ಮನೆಯ ಹಿರಿಮಗನಿಗೆ ಕೊಟ್ಟು ರಾಜಿಯಾದರು. ಅವಳಿಗೆ ಹತ್ತೊಂಬತ್ತು, ಅವನಿಗೆ ನಲವತ್ತಾರು. ಊರಿಗೆಲ್ಲ ಗೊತ್ತಿದ್ದ ಸಂಗತಿ. ಆದರೆ ನಿನಗೆ ಹೇಗಾಯಿತು ಎಂದು ಯಾರೂ ಕೇಳಿರಲಿಲ್ಲ. ಒಮ್ಮೆಯಾದರೂ ಯಾರಿಗಾದರೂ ಹೇಳಬೇಕೆಂದು ಅವಳು ಮೂವತ್ತು ವರ್ಷ ಕಾದಿದ್ದಳು.

ಮುಂದಿನ ಅಧ್ಯಾಯವನ್ನು ಅವಳು ಬೆಳಿಗ್ಗೆಯೇ ಓದಿಕೊಂಡಿದ್ದಳು. ತೋಟದಲ್ಲಿ ಅರಸ ಹೂ ಕೊಡುತ್ತಾನೆ, ರಾಜಕುಮಾರಿ ಮನಸ್ಸು ಕೊಡುತ್ತಾಳೆ. ಅದನ್ನು ಓದಲು ಈಗ ನಾಲಿಗೆ ಏಳಲಿಲ್ಲ. ಪುಟದ ಮೇಲೆ ಕಣ್ಣಿಟ್ಟೇ ಬೇರೆ ಹೇಳತೊಡಗಿದಳು: "ರಾಣಿ ಊಟಕ್ಕೆ ಕುಳಿತು ಅರಸನ ಕೈಯ ಉಬ್ಬಿದ ನರಗಳನ್ನೇ ನೋಡುತ್ತಿದ್ದಳು. ಕಳಿಸುವಾಗ ಅಪ್ಪ ಹೇಳಿದ್ದು ಒಂದೇ ಮಾತು. ನೀನು ಅತ್ತುಕೊಂಡು ವಾಪಸು ಬಂದರೆ ಕೇಸು ಮತ್ತೆ ಶುರುವಾಗ್ತದೆ..."

"ಅರಸರಿಗೆ ಎಂಥ ಕೇಸು ಅಕ್ಕಾ?" ಸುರಕ್ಷಾ ಪುಸ್ತಕ ಎಳೆದುಕೊಂಡು ನೋಡಿದಳು. "ಇಲ್ಲಿ ಹೂ ಕೊಡುವುದುಂಟು! ನಮ್ಮನ್ನು ಮಂಗ ಮಾಡ್ತೀರಾ?"

"ಕೊಡು ಕೊಡು, ನೀನೇ ಓದು," ಎಂದಳು ಸಮೀನಾ. "ಹೂವಿನದ್ದು ಬೇಕು ನಮಗೆ."

ಸುರಕ್ಷಾ ಓದಿದಳು, ಉಳಿದವರು ಖುಷಿಪಟ್ಟರು. ಸ್ವರ್ಣಲತಾ ತಲೆ ತಗ್ಗಿಸಿ ಎಲೆ ಕತ್ತರಿಸಿದಳು.

ಸಂಜೆ ಉಳಿದವರೆಲ್ಲ ಎದ್ದು ಹೋದ ಮೇಲೆ, ಅವರಲ್ಲೆಲ್ಲ ಹಿರಿಯಳಾದ ಬೀಯಮ್ಮ ಬೀಡಿಯ ಚೀಲ ಹಿಡಿದು ಮೆಟ್ಟಿಲಲ್ಲೇ ನಿಂತಳು.

"ಸ್ವರ್ಣ, ನೀನು ಹೇಳಿದ ಹುಡುಗಿ ಉಂಟಲ್ಲ, ಕೇಸಿನವಳು. ಅವಳಿಗೆ ಆಮೇಲೆ ಏನಾಯ್ತು?"

ಎಲೆಚೂರು ಗುಡಿಸುತ್ತಾ ಸ್ವರ್ಣಲತಾ ನೆನಪು ಮಾಡಿಕೊಂಡಳು. ಹೇಳಲು ಬೇಕಾದಷ್ಟು ಇದೆಯೆಂದು ಇಷ್ಟು ವರ್ಷ ಅಂದುಕೊಂಡಿದ್ದಳು.

"ಏನೂ ಆಗಲಿಲ್ಲ ಬೀಯಮ್ಮಕ್ಕ," ಎಂದಳು. "ಅಡಿಗೆ ಮಾಡಿದಳು. ಅವರಿಗೆ ಪ್ರಾಯವಾಯ್ತು, ಮದ್ದು ಕೊಟ್ಟಳು. ಅಷ್ಟೇ."

ಬೀಯಮ್ಮ ಹೋಗಲಿಲ್ಲ. ಚೀಲ ಕೆಳಗಿಟ್ಟು, ಕಂಬಕ್ಕೆ ಒರಗಿ ಕುಳಿತಳು.