ದುಬೈಯಿಂದ ಬರುವಾಗ ಏರು

“ಅಕ್ಕೋರ, ದುಬೈಗೆ ಹೋಗೂದು ಇಳಿಜಾರ ಐತ್ರಿ, ಬರೂದು ಏರು. ಹೆಂಡ್ತಿ ಮಿಕ್ಸರ್ ತರ್ರಿ ಅಂತಾಳ. ಅಷ್ಟು ವಜ್ಜಾ ಆ ಏರಿನ್ಯಾಗ ವಿಮಾನ ಎಳೀತೈತೇನ್ರಿ?”

ನಮ್ಮ ಮುಲುಂಡ್ ಮನೆಯ ಅಡುಗೆಕೋಣೆಗೆ ಟೈಲ್ಸ್ ಕೂರಿಸುತ್ತಿದ್ದ ಬಿಜಾಪುರದ ಗೌಂಡಿ ಮಲ್ಲಪ್ಪ ಹೀಗೆ ಕೇಳಿದಾಗ ನಾನು ಅವನಿಗೆ ಚಹಾ ಕೊಡುತ್ತಿದ್ದೆ. ದುಬೈಯಲ್ಲಿ ಎರಡು ವರ್ಷ ದುಡಿದು ಬಂದವನು ಮತ್ತೆ ಹೊರಟು ನಿಂತಿದ್ದ. ಅವನ ಲೆಕ್ಕವೆಲ್ಲ ವಿಮಾನ ನಿಲ್ದಾಣದ ಗಡಿಯಾರಗಳದ್ದು. ಹೋಗುವಾಗ ಇಲ್ಲಿ ಹತ್ತಕ್ಕೆ ಹೊರಟು ಅಲ್ಲಿ ಹನ್ನೊಂದೂವರೆಗೆ ಇಳಿದಿದ್ದ. ಬರುವಾಗ ಅಲ್ಲಿ ಹತ್ತಕ್ಕೆ ಹೊರಟರೆ ಇಲ್ಲಿ ಇಳಿಯುವಾಗ ಎರಡೂವರೆಯಾಗಿತ್ತು. ಹೋಗಲು ಒಂದೂವರೆ ಗಂಟೆ, ಬರಲು ನಾಲ್ಕೂವರೆ!

ಶಾಲೆಯಲ್ಲಿ ಭೂಗೋಳ ಕಲಿಸುವ ನಾನು ಸುಮ್ಮನಿರುವುದುಂಟೇ? ಗ್ಲೋಬ್ ತಂದಿಟ್ಟು ಟಾರ್ಚ್ ಹಿಡಿದೆ. ದುಬೈಯಲ್ಲಿ ಸೂರ್ಯ ತಡವಾಗಿ ಹುಟ್ಟುತ್ತಾನೆ, ಅವರ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ, ಹೋದರೂ ಬಂದರೂ ವಿಮಾನಕ್ಕೆ ಹಿಡಿಯುವುದು ಮೂರೇ ಗಂಟೆ ಎಂದು ಬಿಡಿಸಿ ಹೇಳಿದೆ.

ಮಲ್ಲಪ್ಪ ಎಲ್ಲ ಕೇಳಿಸಿಕೊಂಡು, ಕೈಯ ಸಿಮೆಂಟ್ ಒರೆಸಿ, ಮಟ್ಟ ನೋಡುವ ತನ್ನ ರಸಮಟ್ಟವನ್ನು ಗ್ಲೋಬಿನ ಭೂಮಧ್ಯರೇಖೆಗೆ ಹಿಡಿದ. ಅದರೊಳಗಿನ ಗುಳ್ಳೆ ಒಂದು ತುದಿಗೆ ಓಡಿತು.

“ನೋಡ್ರಿ, ನಿಮ್ಮ ಭೂಮಿನ ಓರೆ ಐತಿ!”

ಭೂಮಿ ಇಪ್ಪತ್ತಮೂರೂವರೆ ಡಿಗ್ರಿ ಓರೆ ಎಂದು ವರ್ಷಾವರ್ಷ ಮಕ್ಕಳಿಗೆ ಬಾಯಿಪಾಠ ಮಾಡಿಸಿದವಳೇ ನಾನು.

ಮೂರು ವರ್ಷದ ಮೇಲೆ, ದುಬೈಯ ತಂಗಿಯ ಮನೆಯಿಂದ ವಿಮಾನದಲ್ಲಿ ವಾಪಸ್ಸು ಬರುತ್ತಿದ್ದೆ. ಎರಡನೇ ಗಂಟೆಗೆ ನೋಡಿಕೊಂಡರೆ, ಘಾಟಿ ಹತ್ತುವ ಬಸ್ಸಿನಲ್ಲಿ ಕೂತವಳ ಹಾಗೆ ಮುಂದಿನ ಸೀಟು ಹಿಡಿದು ಮುಂದಕ್ಕೆ ಬಾಗಿದ್ದೆ. ತಂಗಿ ಕೊಟ್ಟ ಮಿಕ್ಸರ್ ಬೇಡವೆನ್ನಬೇಕಿತ್ತು ಅನ್ನಿಸಿತು.