ಆ ಸ್ಕ್ರೂ ತಿರುಗಿಸಿದ್ದು ಯಾರು?

ಹೋದ ವರ್ಷ ನವೆಂಬರಿನಲ್ಲಿ, ಅರೇಬಿಕಾ ಕಾಫಿ ಕೊಯ್ಲು ಆಗಷ್ಟೇ ಶುರುವಾಗಿದ್ದಾಗ, ನನ್ನ ತಂಗಿ ಚೈತ್ರಳ ಮೋಟೊಕ್ರಾಸ್ ಬೈಕಿಗೆ ಸಸ್ಪೆನ್ಶನ್ ಹೊಂದಿಸಿಕೊಡುವ ಹೊಸ ಟ್ಯೂನರ್ ಒಬ್ಬರನ್ನು ಹುಡುಕಲು ಹೊರಟೆ. ನವೆಂಬರ್ ಎಂದೇ ನನ್ನ ನೆನಪು. ಆದರೆ ಈಗ ಇಂಥ ಮಾತನ್ನೂ ತಂಗಿಯನ್ನು ಕೇಳಿ ಖಚಿತ ಮಾಡಿಕೊಂಡೇ ಬರೆಯುತ್ತೇನೆ.

ಬಾಳೂರಿನ ನಮ್ಮ ತೋಟ ನೋಡಿಕೊಳ್ಳುವವಳು ಚೈತ್ರ. ನಾನು ಫಿಸಿಕ್ಸ್ ಎಂ.ಎಸ್ಸಿ. ಮಾಡಿ, ಮೂರು ಕಾಲೇಜುಗಳಲ್ಲಿ ಪಾಠ ಹೇಳಿ, ಮೂರನ್ನೂ ಬಿಟ್ಟು, ಮೂಡಿಗೆರೆಯಲ್ಲಿ ಮಣ್ಣು ಪರೀಕ್ಷೆಯ ಸಣ್ಣ ಲ್ಯಾಬ್ ಇಟ್ಟುಕೊಂಡಿದ್ದೇನೆ. ತಂಗಿಗೆ ರೇಸಿನ ಹುಚ್ಚು. ಜುಲೈಯಲ್ಲಿ ಮನೆ ಹತ್ತಿರದ ಇಳಿಜಾರಿನಲ್ಲಿ ಪ್ರಾಕ್ಟೀಸ್ ಮಾಡುವಾಗ, ಒಂದು ಜಂಪಿನಲ್ಲಿ ಬೈಕಿನ ಹಿಂಭಾಗ ಒದ್ದ ಹಾಗೆ ಮೇಲೆದ್ದು ಅವಳನ್ನು ಹ್ಯಾಂಡಲ್ ಮೇಲಿಂದ ಆಚೆ ಎಸೆಯಿತು. ಕಾಲರ್ ಬೋನ್ ಮುರಿಯಿತು. ಕುತ್ತಿಗೆಗೆ ಏಟು ಬೀಳದೆ ಇದ್ದದ್ದು ಅದೃಷ್ಟ ಎಂದರು ಡಾಕ್ಟರು.

ಆ ಬೈಕಿನ ಸಸ್ಪೆನ್ಶನ್ ಹೊಂದಿಸಿ ಕೊಟ್ಟಿದ್ದವರು ಆಲ್ದೂರಿನ ಮೆಕ್ಯಾನಿಕ್ ರುದ್ರೇಶ್. ಜಂಪಿನಿಂದ ಇಳಿದಾಗ ಹಿಂದಿನ ಸ್ಪ್ರಿಂಗ್ ಕುಗ್ಗುತ್ತದೆ. ಅದು ಮತ್ತೆ ಎಷ್ಟು ವೇಗವಾಗಿ ಹಿಗ್ಗಬೇಕು ಎನ್ನುವುದನ್ನು ಒಂದು ಸಣ್ಣ ಸ್ಕ್ರೂ ನಿರ್ಧರಿಸುತ್ತದೆ. ಅದನ್ನು ತೀರಾ ಸಡಿಲ ಮಾಡಿದರೆ ಬೈಕು ಒದೆಯುತ್ತದೆ. ಬೈಕ್ ಕೈಗೆ ಕೊಡುವ ಕೊನೇ ಗಳಿಗೆಯಲ್ಲಿ ರುದ್ರೇಶ್ ಕುಕ್ಕರಗಾಲಲ್ಲಿ ಕೂತು ಆ ಸ್ಕ್ರೂವನ್ನು ಎರಡು ಸುತ್ತು ಸಡಿಲ ಮಾಡಿದ್ದನ್ನು ನಾನು ನೋಡಿದ್ದೆ. ಹಾಗೆಂದು ಅವರಿಗೇ ಫೋನು ಮಾಡಿ ಹೇಳಿದೆ. ಸುತ್ತಮುತ್ತಲಿನ ರೈಡರುಗಳ ವಾಟ್ಸಾಪ್ ಗ್ರೂಪಿನಲ್ಲೂ ಬರೆದೆ. ಯಾರಾದರೂ ಕಣ್ಣಾರೆ ದೆವ್ವ ನೋಡಿದೆ ಎಂದರೆ ನಗುವವನು ನಾನು. ಅವತ್ತು ‘ಕಣ್ಣಾರೆ ನೋಡಿದ್ದೇನೆ’ ಎಂದು ಬರೆಯಲು ನನಗೆ ಸಂಕೋಚವೇ ಆಗಲಿಲ್ಲ.

ಡಿಸೆಂಬರಿನ ರೇಸಿಗೆ ಇಳಿಯುತ್ತೇನೆ ಎಂದು ಚೈತ್ರ ಹಟ ಹಿಡಿದಳು. ಸರಿಯಾದ ಟ್ಯೂನರ್ ಸಿಕ್ಕರೆ ಮಾತ್ರ ಎಂದು ನಾನು ಷರತ್ತು ಹಾಕಿದೆ. ಬೆಂಗಳೂರಿನ ಒಬ್ಬರು ಫೋನಿನಲ್ಲಿ, ಅವಳ ತೂಕ ಕೂಡ ಕೇಳದೆ, ಯಾವ ಸ್ಕ್ರೂ ಎಷ್ಟಿರಬೇಕೆಂದು ಗಿಳಿಪಾಠ ಒಪ್ಪಿಸಿದರು. ಅವರನ್ನು ಅಲ್ಲಿಗೇ ಬಿಟ್ಟೆ. ಚಿಕ್ಕಮಗಳೂರಿನ ನಾಸಿರ್ ಮೊದಲು ಕೇಳಿದ್ದೇ ತೂಕ. ಅದೂ ಬೂಟು, ಹೆಲ್ಮೆಟ್ಟು, ಎದೆಗವಚ ಎಲ್ಲ ಹಾಕಿಕೊಂಡಾಗಿನ ತೂಕ. ಆ ವೇಷದಲ್ಲೇ ಅವಳನ್ನು ಗೋಡೌನಿನಲ್ಲಿ ಪಾರ್ಚ್‌ಮೆಂಟ್ ಕಾಫಿ ಮೂಟೆ ತೂಗುವ ಕಾಟಾದ ಮೇಲೆ ನಿಲ್ಲಿಸಿದೆವು.

“ಒಂದು ಮೂಟೆ ಮೇಲೆ ಹದಿನೆಂಟು ಕೆ.ಜಿ.,” ಅಂದ ತೋಟದ ಮೇಸ್ತ್ರಿ ಲೋಕೇಶ. “ತೇವಾಂಶನೂ ನೋಡಿಬಿಡ್ಲಾ ಅಕ್ಕಾವ್ರೇ?”

“ನೀನು ಮೊದ್ಲು ಹತ್ತು ಮಾರಾಯ, ಸಿಪ್ಪೆ ಹೋದ್ರೆ ಬೀಜ ಎಷ್ಟು ಉಳಿಯುತ್ತೆ, ಔಟ್‌ಟರ್ನ್ ನೋಡೋಣ,” ಎಂದಳು ಅವಳು.

ಮಾರನೇ ದಿನ ಬೈಕನ್ನು ಪಿಕಪ್ಪಿನಲ್ಲಿ ಹಾಕಿಕೊಂಡು ಚಿಕ್ಕಮಗಳೂರಿಗೆ ಹೋದೆವು. ಬಿದ್ದ ದಿನದಿಂದ ಅದನ್ನು ಯಾರೂ ಮುಟ್ಟಿರಲಿಲ್ಲ, ಟಾರ್ಪಾಲು ಹೊದ್ದು ಶೆಡ್ಡಿನಲ್ಲೇ ನಿಂತಿತ್ತು. ಬಿಚ್ಚುವ ಮೊದಲು ಈಗ ಎಷ್ಟಿದೆ ಎಂದು ಎಣಿಸುವುದು ನಾಸಿರ್‌ನ ಪದ್ಧತಿ. ಹಿಂದಿನ ಸ್ಕ್ರೂವನ್ನು ಪೂರ್ತಿ ಬಿಗಿಯುವವರೆಗೆ ತಿರುಗಿಸುತ್ತಾ ಒಂದೊಂದೇ ಕ್ಲಿಕ್ ಎಣಿಸಿದ. ಎಣಿಕೆ ಹೆಚ್ಚಿದಷ್ಟೂ ಸಡಿಲ ಎಂದರ್ಥ. ಇಪ್ಪತ್ತು ಬಂತು. ಸೀಟು ತೆಗೆದರೆ ಒಳಗೆ ಅಂಟಿಸಿದ್ದ ಬಿಳಿ ಟೇಪಿನ ಮೇಲೆ ರುದ್ರೇಶರ ಕೈಬರಹ: ‘ಹಿಂದೆ 12’.

ಆ ಸ್ಕ್ರೂವಿಗೆ ಒಂದು ಸುತ್ತಿಗೆ ನಾಲ್ಕು ಕ್ಲಿಕ್. ಎರಡು ಸುತ್ತಿಗೆ ಎಂಟು. ಹನ್ನೆರಡಕ್ಕೆ ಎಂಟು ಸೇರಿದರೆ ಇಪ್ಪತ್ತು. ನಾನು ಹೇಳಿದ್ದಷ್ಟೇ ಲೆಕ್ಕ. ನನಗೆ ಒಳಗೊಳಗೇ ಖುಷಿಯಾಯಿತು ಎಂದು ಒಪ್ಪಿಕೊಳ್ಳಬೇಕು. ಟೇಪಿನಲ್ಲಿ ಬರೆದಾದ ಮೇಲೆ ಸಡಿಲ ಮಾಡಿದ್ದಾರೆ ನೋಡು ಎಂದೆ.

ನಾಸಿರ್ ಚೈತ್ರಳ ಕಡೆ ತಿರುಗಿ, ಆಲ್ದೂರಿನಿಂದ ತಂದ ಮೇಲೆ ಎಷ್ಟು ದಿನ ಓಡಿಸಿದಿರಿ ಎಂದು ಕೇಳಿದ. ಮೂರು ದಿನ, ಬಿದ್ದದ್ದು ಮೂರನೇ ದಿನ ಎಂದಳು. ಮೊದಲ ಎರಡು ದಿನ ಅದೇ ಜಂಪು ಹಾರಿದ್ದಿರಾ? ಹಾರಿದ್ದೆ, ಹತ್ತಾರು ಸಲ. ಒದೆಯಿತಾ? ಇಲ್ಲ.

“ಹಂಗಾದ್ರೆ ಆಲ್ದೂರಲ್ಲಿ ಸಡಿಲ ಮಾಡಿದ್ದಲ್ಲ ಸರ್ ಇದು,” ಎಂದ ನಾಸಿರ್. “ಇಪ್ಪತ್ತರಲ್ಲಿ ಇದು ಎರಡು ದಿನ ಸುಮ್ನಿರಲ್ಲ.”

ಚೈತ್ರ ಫೋನು ತೆಗೆದು ಹಿಂದಕ್ಕೆ ಹುಡುಕತೊಡಗಿದಳು. ಬಿದ್ದ ದಿನದ ಫೋಟೊಗಳನ್ನು ಅವಳು ಅದುವರೆಗೆ ತೆರೆದೇ ಇರಲಿಲ್ಲವಂತೆ. ಒಂದರ ಹತ್ತಿರ ನಿಲ್ಲಿಸಿ ಫೋನನ್ನು ನನ್ನ ಮುಂದೆ ಹಿಡಿದಳು. ಅವತ್ತು ಬೆಳಿಗ್ಗೆ, ಬೀಳುವ ಮೊದಲು, ಇಳಿಜಾರಿನ ಕೆಸರು ತೋರಿಸಲು ತೆಗೆದ ಫೋಟೊ. ಅದರ ಮೂಲೆಯಲ್ಲಿ ಹಿಂದಿನ ಚಕ್ರದ ಪಕ್ಕ ಒಬ್ಬ ಸ್ಕ್ರೂಡ್ರೈವರ್ ಹಿಡಿದು ಕುಕ್ಕರಗಾಲಲ್ಲಿ ಕೂತಿದ್ದ. ನೀಲಿ ಜರ್ಕಿನ್ನು ನನ್ನದು. ಮುಖವೂ ನನ್ನದೇ.

“ಅಣ್ಣ, ಇದು ನೀನು,” ಎಂದಳು.

ನಾನು ಆ ಫೋಟೊವನ್ನು ದೊಡ್ಡದು ಮಾಡಿ ತುಂಬಾ ಹೊತ್ತು ನೋಡಿದೆ. ಕೆಸರಿನಲ್ಲಿ ಹಿಂಭಾಗ ಎರಡು ಕ್ಲಿಕ್ ಸಡಿಲವಿರಬೇಕು ಎಂದು ಆಗ ಎಲ್ಲೋ ಓದಿದ್ದು ನೆನಪಿದೆ. ಕ್ಲಿಕ್ ಎಣಿಸುವ ಬದಲು ಎರಡು ಸುತ್ತು ತಿರುಗಿಸಿದ್ದೇನೆ. ಇದು ನನ್ನ ಊಹೆ. ತಿರುಗಿಸಿದ್ದು ನನಗೆ ಇಂದಿಗೂ ನೆನಪಿಗೆ ಬಂದಿಲ್ಲ. ಕಣ್ಣು ಮುಚ್ಚಿದರೆ ಕಾಣುವುದು ಆಲ್ದೂರಿನ ಅಂಗಡಿಯೇ, ರುದ್ರೇಶರ ಕೈಯೇ.

ನಾಸಿರ್ ಹಿಂದಿನ ಶಾಕ್ ಅಬ್ಸಾರ್ಬರ್ ಬಿಚ್ಚಿ ಒಳಗನ್ನು ನೋಡಿ, ಹಾಗೇ ಮತ್ತೆ ಜೋಡಿಸಿದ. ಸ್ಪ್ರಿಂಗು ಅವಳ ತೂಕಕ್ಕೆ ಸರಿಯಾಗಿದೆ, ಇಷ್ಟು ನೀಟಾದ ಕೆಲಸವನ್ನು ತಾನೂ ಮಾಡಲಾರೆ, ಇದನ್ನು ಮಾಡಿದವರ ಹತ್ತಿರವೇ ಹೋಗಿ ಎಂದ. ಬಂದ ಕೆಲಸ ಬಿಟ್ಟುಕೊಡುವ ಟ್ಯೂನರನ್ನು ನಾನು ಅದೇ ಮೊದಲು ನೋಡಿದ್ದು. ಬೈಕನ್ನು ಮತ್ತೆ ಪಿಕಪ್ಪಿಗೆ ಹಾಕಿಕೊಂಡು ನೇರ ಆಲ್ದೂರಿಗೆ ಹೊರಟೆವು.

ಆಲ್ದೂರಿನ ಅಂಗಡಿಯಲ್ಲಿ ರುದ್ರೇಶ್ ಸ್ಕೂಟರಿನ ಬ್ರೇಕು ಬಿಗಿ ಮಾಡುತ್ತಿದ್ದರು. ಸಸ್ಪೆನ್ಶನ್ ಕೆಲಸದ ಹತ್ಯಾರುಗಳಿರುತ್ತಿದ್ದ ಬೆಂಚು ಖಾಲಿಯಿತ್ತು. ನಾನು ಫೋಟೊ ತೋರಿಸಿ, ತಪ್ಪು ನನ್ನದು ಎಂದೆ. ಅವರು ಕೈ ಒರೆಸಿಕೊಂಡು, ಫೋನನ್ನು ಬೆಳಕಿಗೆ ಹಿಡಿದು ನೋಡಿದರು. ನನ್ನ ಮೇಲೆ ಹಾಯುತ್ತಾರೆ ಎಂದುಕೊಂಡಿದ್ದೆ.

“ನಾನೇ ತಿರುಗಿಸಿರ್ಬೇಕು ಅಂದ್ಕಂಡಿದ್ದೆ,” ಎಂದರು. “ನಂಗೆ ನೆನಪಿರ್ಲಿಲ್ಲ. ಆದ್ರೆ ನೀವು ಓದಿದೋರು, ಕಣ್ಣಾರೆ ಕಂಡೆ ಅಂದ್ರಿ. ಕೈ ಮರೆತು ಮಾಡಿರ್ಬೇಕು ಅಂತ ಆ ಕೆಲ್ಸನೇ ನಿಲ್ಸಿಬಿಟ್ಟೆ. ಇನ್ನೊಬ್ರ ಮಕ್ಳು ಬಿದ್ರೆ ಏನು ಗತಿ?”

ಅವರು ನನ್ನನ್ನು ಸುಳ್ಳ ಎಂದು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ನನ್ನನ್ನು ನಂಬಿದ್ದರು. ಚೈತ್ರ ಮುಂದೆ ಬಂದು, ಡಿಸೆಂಬರಿನ ರೇಸಿಗೆ ಬೈಕು ನೀವೇ ಮಾಡಿಕೊಡಬೇಕು, ಇಲ್ಲದಿದ್ದರೆ ನಾನು ಇಳಿಯುವುದಿಲ್ಲ ಎಂದಳು. ಆಗುವುದಿಲ್ಲಮ್ಮ ಎಂದು ಎರಡು ಸಲ ಹೇಳಿ, ಮೂರನೇ ಸಲಕ್ಕೆ ಬೈಕು ಇಳಿಸಿ ಎಂದರು.

ಗ್ರೂಪಿನಲ್ಲಿ ಫೋಟೊ ಹಾಕಿ ನಡೆದದ್ದನ್ನು ಬರೆದೆ. ಮೊದಲ ಆರೋಪಕ್ಕೆ ಬಂದಷ್ಟು ಉತ್ತರ ಇದಕ್ಕೆ ಬರಲಿಲ್ಲ. ಚೈತ್ರ ರೇಸಿನಲ್ಲಿ ಆರನೆಯವಳಾಗಿ ಬಂದಳು, ಬೀಳಲಿಲ್ಲ. ಈಗ ರುದ್ರೇಶರ ಬೆಂಚಿನ ಮೇಲೆ ಮತ್ತೆ ಕೆಲಸವಿದೆ. ಹಳೇ ಗಿರಾಕಿಗಳೂ ಒಬ್ಬೊಬ್ಬರಾಗಿ ಬರುತ್ತಿದ್ದಾರೆ. ಆ ದಾರಿಯಲ್ಲಿ ಹೋದಾಗಲೆಲ್ಲ ಅಂಗಡಿ ಹೊಕ್ಕು ಸ್ವಲ್ಪ ಹೊತ್ತು ಕೂರುತ್ತೇನೆ. ಅವರು ಕ್ಲಿಕ್ ಎಣಿಸಿ ಟೇಪಿನ ಮೇಲೆ ಬರೆಯುತ್ತಾರೆ. ಆಮೇಲೆ ಗಿರಾಕಿಯನ್ನು ಹತ್ತಿರ ಕರೆದು, ಪೂರ್ತಿ ಬಿಗಿದು, ಗಟ್ಟಿ ದನಿಯಲ್ಲಿ ಇನ್ನೊಂದು ಸಲ ಎಣಿಸುತ್ತಾರೆ. ಒಳ್ಳೆಯ ಪದ್ಧತಿ ಎಂದು ಗಿರಾಕಿಗಳು ಮೆಚ್ಚುತ್ತಾರೆ. ಮೊದಲೆಲ್ಲ ಅವರು ಒಂದೇ ಸಲ ಎಣಿಸುತ್ತಿದ್ದರು.